500 ರೂಪಾಯಿ ಒಳಗೆ ಸೇಫ್ಟಿ ರೇಜರ್, ಬ್ರಷ್, ಕ್ರೀಮು: ಆಗೋ ಮಾತಾ?

ಬೆಳಗಿನ ಬಸ್ಸು

ನಾನು ಕೆಲಸ ಮಾಡುವ ಕಡೆ ದಿನಾ ನುಣ್ಣಗೆ ಶೇವ್ ಮಾಡಿಕೊಂಡೇ ಹೋಗಬೇಕು. ಈಗ ಬಳಸುತ್ತಿರುವುದು ಹಿಡಿಗೆ ಸಿಕ್ಕಿಸುವ ಐದು ಬ್ಲೇಡಿನ ಕಾರ್ಟ್ರಿಡ್ಜ್. ಅದರ ಬೆಲೆ ನೆನೆಸಿಕೊಂಡರೆ ಬಿಸಾಡೋಕೆ ಮನಸ್ಸು ಬರೋದಿಲ್ಲ. ಮೊಂಡಾದ ಮೇಲೂ ಎಳೆಯುತ್ತಾ ಇರುತ್ತೇನೆ. ಕತ್ತಿನಲ್ಲಿ ಕೆಂಪು ಗುಳ್ಳೆ ಎದ್ದಿದೆ, ಕಾಲರ್ ತಾಗಿದರೆ ಉರಿ.

ಹಳೇ ಕಾಲದ ಒಂಟಿ ಬ್ಲೇಡಿನ ಸೇಫ್ಟಿ ರೇಜರಿಗೆ ಬಾ, ಖರ್ಚೂ ಕಮ್ಮಿ, ಉರಿಯೂ ಕಮ್ಮಿ ಅಂತ ಗೆಳೆಯ ಹೇಳಿದ. ಸರಿ ಅಂತ ವಿಡಿಯೋ ನೋಡೋಕೆ ಕೂತರೆ ಜರ್ಮನಿ ರೇಜರು, ಬ್ಯಾಜರ್ ಅನ್ನೋ ಪ್ರಾಣಿಯ ಕೂದಲಿನ ಬ್ರಷ್ಷು, ಇಟಲಿ ಸೋಪು, ಅದಕ್ಕೊಂದು ಮರದ ಬಟ್ಟಲು. ಕೂಡಿಸಿದರೆ ಆರೇಳು ಸಾವಿರ! ದುಡ್ಡು ಉಳಿಸೋಕೆ ಹೊರಟವನು ಇಷ್ಟು ಸುರಿಯಬೇಕಾ? ನನ್ನ ಬಜೆಟ್ 500. ಊರು ಬೆಂಗಳೂರಿನ ಹೊರವಲಯ. ಗೊತ್ತಿರುವವರು ಹೇಳಿ.

ಗ್ರಂಧಿಗೆ ಅಂಗಡಿ

500 ಬೇಕಾದಷ್ಟಾಯಿತು. ಅದರಲ್ಲೇ ಸ್ವಲ್ಪ ಉಳಿಯುತ್ತೆ.

ರೇಜರಿಗೆ ಇನ್ನೂರೈವತ್ತು, ಮುನ್ನೂರು ಇಡಿ. ಮೂರು ತುಂಡಿನದ್ದು ತಗೊಳ್ಳಿ: ಮೇಲಿನ ಮುಚ್ಚಳ, ಕೆಳಗಿನ ತಟ್ಟೆ, ಹಿಡಿ. ಹಿಡಿ ತಿರುಗಿಸಿದರೆ ಎರಡು ಬಾಗಿಲು ತೆರೆದುಕೊಳ್ಳುವ ಚಿಟ್ಟೆ ಮಾದರಿ ನೋಡೋಕೆ ಚೆನ್ನ. ಆದರೆ ಅಗ್ಗದವುಗಳಲ್ಲಿ ಆ ಬಾಗಿಲು ಬೇಗ ಸಡಿಲ ಆಗುತ್ತೆ, ಬ್ಲೇಡು ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ಹೊರಗೆ ಬರುತ್ತೆ. ಮೂರು ತುಂಡಿನದ್ದರಲ್ಲಿ ಕೆಡೋಕೆ ಏನೂ ಇಲ್ಲ. ಸಂದಿಯಲ್ಲಿ ಸೋಪು ಕಟ್ಟಿದರೆ ಬಿಚ್ಚಿ ತೊಳೆದರಾಯಿತು. ಕೊಳ್ಳುವಾಗ ಅಂಗಡಿಯಲ್ಲೇ ಒಂದು ಬ್ಲೇಡು ಹಾಕಿಸಿ ಮೇಲಿನಿಂದ ನೋಡಿ. ಎರಡೂ ಕಡೆ ಒಂದೇ ಸಮ ಇಣುಕುತ್ತಿದ್ದರೆ ತಗೊಳ್ಳಿ.

ಬ್ರಷ್ಷು ನೂರರ ಆಸುಪಾಸು, ಕ್ರೀಮಿನ ಟ್ಯೂಬು ಅರವತ್ತು, ಎಪ್ಪತ್ತು. ಬ್ಲೇಡಿನ ಚಿಕ್ಕ ಪ್ಯಾಕು. ಕೊನೆಗೆ ಪಟಿಕ. ಶೇವಿಂಗಿಗೆ ಅಂತ ನೀಟಾಗಿ ಕೆತ್ತಿದ ತುಂಡಿಗೆ ಆನ್‌ಲೈನ್‌ನಲ್ಲಿ ನೂರಾರು ರೂಪಾಯಿ ಕೇಳುತ್ತಾರೆ. ಗ್ರಂಧಿಗೆ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿ ಕೊಟ್ಟರೆ ಒಂದು ವರ್ಷಕ್ಕೂ ಮಿಕ್ಕುವಷ್ಟು ಕಲ್ಲು ಕಟ್ಟಿಕೊಡುತ್ತಾರೆ. ಚೂಪಾದ ಮೂಲೆಗಳನ್ನು ಒದ್ದೆ ನೆಲದ ಮೇಲೆ ಉಜ್ಜಿ ದುಂಡಗೆ ಮಾಡಿಕೊಳ್ಳಿ, ಅಷ್ಟೇ.

ಮರದ ಬಟ್ಟಲು ಯಾಕೆ? ಮನೆಯಲ್ಲಿ ಹಳೇ ಸ್ಟೀಲ್ ಲೋಟ ಇಲ್ವಾ?

ಲೆಕ್ಕದ ಮೇಷ್ಟ್ರು

ತಡೀರಿ, ನನ್ನದೊಂದು ತಕರಾರು. ಉಳಿತಾಯವೇ ಗುರಿಯಾದರೆ ಇದೆಲ್ಲ ಯಾಕೆ? ಐದು ಬ್ಲೇಡಿನ ಕಾರ್ಟ್ರಿಡ್ಜ್ ಬಿಟ್ಟು ಒಂಟಿ ಬ್ಲೇಡಿನ ಅಗ್ಗದ ಕಾರ್ಟ್ರಿಡ್ಜಿಗೆ ಬನ್ನಿ. ಜಿಲೆಟ್ ಗಾರ್ಡ್ 2010ರಲ್ಲಿ ಬಂದಾಗ ರೇಜರಿಗೆ 15 ರೂಪಾಯಿ, ಕಾರ್ಟ್ರಿಡ್ಜಿಗೆ 5 ರೂಪಾಯಿ ಇತ್ತು. ಈಗ ಸ್ವಲ್ಪ ಏರಿದೆ, ಆದರೂ ಜೇಬಿಗೆ ಭಾರ ಇಲ್ಲ. ಬ್ರಷ್ಷು ಬೇಡ, ಪಟಿಕ ಬೇಡ, ಕಲಿಯೋ ಕಷ್ಟ ಬೇಡ, ಕೊಯ್ದುಕೊಳ್ಳೋ ಭಯವೂ ಕಮ್ಮಿ.

ಅದರ ಹಿಂದಿನ ಕಥೆ ಗೊತ್ತಲ್ವಾ? ಅದಕ್ಕಿಂತ ಮೊದಲು ಇಲ್ಲಿಗೆ ಅಂತ ಮಾಡಿದ್ದ ಒಂದು ರೇಜರನ್ನು ಜಿಲೆಟ್ ಕಂಪನಿಯವರು ಪರೀಕ್ಷೆ ಮಾಡಿದ್ದು ಅಮೆರಿಕದಲ್ಲಿ ಓದುತ್ತಿದ್ದ ನಮ್ಮ ಹುಡುಗರ ಮೇಲೆ. ಅವರಿಗೆ ನಲ್ಲಿ ನೀರು ಧಾರಾಳ. ಇಲ್ಲಿ ನೋಡಿದರೆ ಜನ ನೆಲದ ಮೇಲೆ ಕೂತು, ಒಂದು ಲೋಟ ನೀರು ಇಟ್ಟುಕೊಂಡು ಗಡ್ಡ ತೆಗೆಯುತ್ತಾರೆ. ಕೂದಲು ಸಿಕ್ಕಿಕೊಂಡು ರೇಜರು ಕಟ್ಟಿಕೊಳ್ತಿತ್ತು. ಆಮೇಲೆ ಇಲ್ಲಿನ ಮನೆಗಳಿಗೇ ಬಂದು, ಜನ ಶೇವ್ ಮಾಡೋದನ್ನು ಕೂತು ನೋಡಿ ಗಾರ್ಡ್ ಮಾಡಿದರು.

ಗ್ರಂಧಿಗೆ ಅಂಗಡಿ

ಮೇಷ್ಟ್ರೇ, ನಿಮ್ಮ ಲೆಕ್ಕ ತಪ್ಪು ಅನ್ನಲ್ಲ. ಗಡ್ಡ ಮೆದುವಾಗಿದ್ದು, ವಾರಕ್ಕೆ ಒಂದೆರಡು ಸಲ ಶೇವ್ ಮಾಡುವವರಿಗೆ ಅದು ಸಾಕು. ಆದರೆ ಇವರು ದಿನಾ ಮಾಡಬೇಕು, ಕತ್ತಿನಲ್ಲಿ ಗುಳ್ಳೆ ಬೇರೆ.

ಒಂದು ಬ್ಲೇಡು ಎರಡು, ಮೂರು ರೂಪಾಯಿ ಅಂತಿಟ್ಟುಕೊಳ್ಳಿ. ನಾಲ್ಕು ಶೇವಿಗೆ ಎಸೆದರೂ ವರ್ಷಕ್ಕೆ ತೊಂಬತ್ತು ಬ್ಲೇಡು, ಅಂದರೆ ಮುನ್ನೂರರ ಒಳಗೆ. ಇವರೇ ಹೇಳಿದರಲ್ಲ, ದುಬಾರಿ ಅಂತ ಮೊಂಡು ಕಾರ್ಟ್ರಿಡ್ಜನ್ನೇ ಎಳೆಯುತ್ತೇನೆ ಅಂತ. ಅರ್ಧ ಉರಿ ಅಲ್ಲೇ ಇದೆ. ಬ್ಲೇಡು ಅಗ್ಗ ಅನ್ನೋದರ ನಿಜವಾದ ಲಾಭ ಅದು: ಎಳೆಯುತ್ತಿದೆ ಅನ್ನಿಸಿದ ಕೂಡಲೇ ಎಸೆಯಬಹುದು, ಹೊಟ್ಟೆ ಉರಿಯಲ್ಲ.

ತಂತಿಬೇಲಿ

ಬ್ಲೇಡು ಯಾಕೆ ಇಷ್ಟು ಅಗ್ಗ ಅನ್ನೋದನ್ನೂ ಹೇಳಿಬಿಡ್ತೀನಿ. ಎರಡು ಅಲಗಿನ ತೆಳು ಬ್ಲೇಡಿನ ರೇಜರನ್ನು ಕಿಂಗ್ ಕ್ಯಾಂಪ್ ಜಿಲೆಟ್ ಮಾರೋಕೆ ಶುರು ಮಾಡಿದ್ದು 1903ರಲ್ಲಿ. ಮೊದಲ ವರ್ಷ ಹೋಗಿದ್ದು ಬರೀ 51 ರೇಜರ್, 168 ಬ್ಲೇಡ್. ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ರೇಜರನ್ನು ಪುಕ್ಕಟೆ ಹಂಚಿ ಬ್ಲೇಡಿನಲ್ಲಿ ದುಡ್ಡು ಮಾಡಿದ ಅಂತ ಮ್ಯಾನೇಜ್‌ಮೆಂಟ್ ಪಾಠದಲ್ಲಿ ಹೇಳ್ತಾರಲ್ಲ, ಅದು ಅಷ್ಟು ಸರಿಯಲ್ಲ. ಪೇಟೆಂಟ್ ಕೈಯಲ್ಲಿ ಇರೋವರೆಗೂ ಆ ರೇಜರಿನ ಬೆಲೆ 5 ಡಾಲರ್. ಆ ಕಾಲಕ್ಕೆ ಅದು ದೊಡ್ಡ ದುಡ್ಡು. 1921ರಲ್ಲಿ ಪೇಟೆಂಟ್ ಮುಗಿದ ಮೇಲೆ ಬೆಲೆ ಇಳಿಯಿತು, ಬೇರೆಯವರೂ ನುಗ್ಗಿದರು.

ಇವತ್ತಿಗೆ ಆ ಬ್ಲೇಡಿನ ನಡುವಿನ ತೂತಿನ ಆಕಾರ ಯಾರಪ್ಪನ ಆಸ್ತಿಯೂ ಅಲ್ಲ. ಜಪಾನಿನ ಫೆದರ್ ಇರಲಿ, ನಮ್ಮ ಟೋಪಾಜ್ ಇರಲಿ, ಯಾವ ಬ್ಲೇಡಾದರೂ ಈ ಮಾದರಿಯ ಯಾವ ಸೇಫ್ಟಿ ರೇಜರಿಗಾದರೂ ಕೂರುತ್ತೆ. ಕಾರ್ಟ್ರಿಡ್ಜಿನಲ್ಲಿ ಈ ಸ್ವಾತಂತ್ರ್ಯ ಇಲ್ಲ. ಹಿಡಿ ಯಾರದೋ ಬ್ಲೇಡೂ ಅವರದೇ, ಅವರು ಹೇಳಿದ್ದೇ ರೇಟು. ಗಾರ್ಡ್‌ಗೂ ಇದೇ ಮಾತು ಅನ್ವಯಿಸುತ್ತೆ ಮೇಷ್ಟ್ರೇ.

ಲೆಕ್ಕದ ಮೇಷ್ಟ್ರು

ಅದು ಒಪ್ಪಿದೆ. ಆದರೂ ಹೇಳ್ತೀನಿ, ಈ ಹವ್ಯಾಸ ಹತ್ತಿದವರು ಯಾರೂ ಒಂದು ರೇಜರಿಗೆ ನಿಂತಿದ್ದು ನಾನು ನೋಡಿಲ್ಲ. ಉಳಿತಾಯ ಅಂತ ಶುರು ಮಾಡಿ, ಕೊನೆಗೆ ಕಪಾಟಿನ ತುಂಬಾ ಸೋಪು ಜೋಡಿಸಿರುತ್ತಾರೆ.

ಬರ್ಲಿನ್ ಬಸವ

ಮೇಷ್ಟ್ರು ನನ್ನ ಬಾತ್‌ರೂಮ್ ನೋಡಿದ ಹಾಗಿದೆ 😄

ನಾನು ಜರ್ಮನಿಯಲ್ಲಿದ್ದೇನೆ. ವಿಡಿಯೋಗಳಲ್ಲಿ ತೋರಿಸುವ ಮೆರ್ಕೂರ್ ಇಲ್ಲಿನ ಜೋಲಿಂಗೆನ್ ಊರಿನದು, ಮ್ಯೂಲೆ ಸ್ಯಾಕ್ಸನಿ ಕಡೆಯದು. ಒಳ್ಳೆ ರೇಜರುಗಳೇ, ಸಂಶಯ ಇಲ್ಲ. ತೂಕ ಸರಿಯಾಗಿರುತ್ತೆ, ಪಾಲಿಶ್ ಚೆನ್ನಾಗಿರುತ್ತೆ. ಆದರೆ ಇಲ್ಲಿನ ಜನ ಸಾಮಾನ್ಯವಾಗಿ ಕೊಳ್ಳೋದು ಅದನ್ನಲ್ಲ. ಮನೆ ಹತ್ತಿರದ ಡಿಎಂ, ರಾಸ್‌ಮನ್ ತರಹದ ಅಂಗಡಿಯಲ್ಲಿ ಅಗ್ಗದ ಪ್ಲಾಸ್ಟಿಕ್ ಹಿಡಿಯ ಸೇಫ್ಟಿ ರೇಜರು, ಅವರದೇ ಹೆಸರಿನ ಬ್ಲೇಡು ಸಿಗುತ್ತೆ. ನನ್ನ ಪಕ್ಕದ ಮನೆಯ ಅಜ್ಜ ಅದನ್ನೇ ಬಳಸೋದು. ಕೆನ್ನೆ ನೋಡಿದರೆ ನನಗಿಂತ ನುಣುಪು.

ಬ್ರಷ್ಷಿನ ವಿಷಯ: ಬ್ಯಾಜರ್ ಕೂದಲು ಬೇಡವೇ ಬೇಡ, ದುಡ್ಡು ದಂಡ. ಅಗ್ಗದ ಬ್ರಷ್ಷುಗಳಲ್ಲಿ ಹಂದಿ ಕೂದಲಿನದ್ದೂ ಇರುತ್ತೆ. ಅದನ್ನು ಬಳಸುವ ಮುಂಚೆ ನೀರಲ್ಲಿ ನೆನೆಸಬೇಕು, ಹೊಸತರಲ್ಲಿ ವಾಸನೆ, ಪಳಗುವವರೆಗೆ ಚುಚ್ಚುತ್ತೆ. ಮನೆಯಲ್ಲಿ ಅದು ಬೇಡ ಅನ್ನೋರೂ ಇರ್ತಾರೆ. ಸಿಂಥೆಟಿಕ್ ತಗೊಳ್ಳಿ. ಬೇಗ ಒಣಗುತ್ತೆ, ಕ್ರೀಮು ಕಮ್ಮಿ ಸಾಕು, ಯಾರಿಗೂ ತಕರಾರಿಲ್ಲ.

ಕುರ್ಚಿ ನಂಬರ್ ಎರಡು

ನನ್ನ ಕೆಲಸವೇ ಇದು, ನಮ್ಮದು ಸಣ್ಣ ಸಲೂನು. ಇವತ್ತು ಮಂಗಳವಾರ, ಅಂಗಡಿ ರಜೆ, ಅದಕ್ಕೇ ಇಷ್ಟುದ್ದ ಬರೆಯೋಕೆ ಪುರುಸೊತ್ತು.

ನೀವೆಲ್ಲ ಸಾಮಾನಿನ ಬಗ್ಗೆ ಮಾತಾಡ್ತಿದ್ದೀರಿ. ನಮ್ಮ ಅಂಗಡಿಯಲ್ಲಿ ಬಳಸೋದು ಅದೇ ಎರಡು, ಮೂರು ರೂಪಾಯಿ ಬ್ಲೇಡು. ಉದ್ದಕ್ಕೆ ಅರ್ಧ ಮುರಿದು ಕ್ಷೌರದ ಕತ್ತಿಯಲ್ಲಿ ಸಿಕ್ಕಿಸ್ತೀವಿ, ಒಬ್ಬರಿಗೆ ಒಂದು ಅರ್ಧ. ಗಿರಾಕಿ ಕೆನ್ನೆ ಸವರಿಕೊಂಡು ಖುಷಿಯಾಗಿ ಹೋಗ್ತಾರೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಕೈಯಲ್ಲಿ. ಅದಕ್ಕಿಂತ ಮೊದಲು, ಗಡ್ಡ ನೆನೆಸೋದರಲ್ಲಿ.

ಒಣಗಿದ ಗಡ್ಡದ ಕೂದಲು ತುಂಬಾ ಗಟ್ಟಿ. ನೀರು ಕುಡಿದರೆ ಮೆತ್ತಗಾಗುತ್ತೆ. ಅದಕ್ಕೆ ಎರಡು, ಮೂರು ನಿಮಿಷ ಬೇಕು. ಸ್ನಾನ ಮಾಡಿದ ಮೇಲೆ ಶೇವ್ ಮಾಡಿ. ಆಗಲ್ಲ ಅಂದರೆ ಬಿಸಿ ನೀರಲ್ಲಿ ಹಿಂಡಿದ ಟವೆಲ್ ಇಟ್ಟುಕೊಳ್ಳಿ. ಆಮೇಲೆ ಬ್ರಷ್ಷಿನಲ್ಲಿ ನೊರೆ ಹಚ್ಚುತ್ತಾ ಒಂದು ನಿಮಿಷ ಕೆನ್ನೆ ಉಜ್ಜಿ. ನೊರೆ ಹಚ್ಚಿ ಕೂಡಲೇ ಬ್ಲೇಡು ಹಿಡಿಯುವವರೇ ಜಾಸ್ತಿ, ಕೊಯ್ದುಕೊಳ್ಳುವವರೂ ಅವರೇ.

ಇನ್ನು ರೇಜರು ಹಿಡಿಯೋದು. ಹಿಡಿಯ ತುದಿಯನ್ನು ಬೆರಳ ತುದಿಯಲ್ಲಿ ಹಿಡೀರಿ, ಮುಷ್ಟಿಯಲ್ಲಿ ಅಲ್ಲ. ರೇಜರಿನ ತಲೆಯ ಮೇಲ್ಭಾಗವನ್ನು ಕೆನ್ನೆಗೆ ತಾಗಿಸಿ, ಹಿಡಿ ಕೆನ್ನೆಯಿಂದ ನೇರ ಹೊರಗೆ ಚಾಚಿರಲಿ. ಈಗ ಬ್ಲೇಡು ಕೂದಲಿಗೆ ತಾಗ್ತಿಲ್ಲ. ನಿಧಾನಕ್ಕೆ ಹಿಡಿಯನ್ನು ಕೆಳಗೆ ಇಳಿಸುತ್ತಾ, ಚಿಕ್ಕದಾಗಿ ಎಳೆಯುತ್ತಾ ಬನ್ನಿ. ಒಂದು ಕಡೆ ಬಂದಾಗ ಸರ್ ಸರ್ ಅಂತ ಸದ್ದು ಶುರುವಾಗುತ್ತೆ. ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿದೆ ಅಂತ ಅರ್ಥ. ಅಲ್ಲಿಂದ ಆಚೆ ಕಿವಿಯೇ ನಿಮಗೆ ದಾರಿ ಹೇಳುತ್ತೆ. ಸದ್ದು ನಿಂತರೆ ಕೋನ ತಪ್ಪಿದೆ.

ಒತ್ತಬೇಡಿ. ಕಾರ್ಟ್ರಿಡ್ಜ್ ಬಳಸಿದವರ ಕೈಗೆ ಒತ್ತೋ ಅಭ್ಯಾಸ ಆಗಿರುತ್ತೆ. ಇಲ್ಲಿ ರೇಜರಿನ ಭಾರವೇ ಸಾಕು. ಒಂದು ಇಂಚು ಎಳೆದು ನಿಲ್ಲಿಸಿ, ತೊಳೆದು ಮತ್ತೆ. ದವಡೆ ಮೂಳೆ ಬರುವ ಕಡೆ ಚರ್ಮವನ್ನು ಮೂಳೆಯಿಂದ ಮೇಲಕ್ಕೆ ಎಳೆದು, ಸಪಾಟು ಜಾಗದ ಮೇಲೆ ಕೂರಿಸಿಕೊಂಡು ತೆಗೀರಿ.

ಕತ್ತಿನ ಗುಳ್ಳೆಗೆ ಒಂದು ಮಾತು. ಎರಡು ದಿನ ಗಡ್ಡ ಬಿಟ್ಟು, ಕತ್ತಿನ ಮೇಲೆ ಬೆರಳು ಎಲ್ಲ ದಿಕ್ಕಿಗೂ ಸವರಿ ನೋಡಿ. ಯಾವ ಕಡೆ ನುಣ್ಣಗಿದೆಯೋ ಅದು ಕೂದಲು ಬೆಳೆಯುವ ದಿಕ್ಕು, ಯಾವ ಕಡೆ ಚುಚ್ಚುತ್ತೋ ಅದು ವಿರುದ್ಧ. ಬಹಳ ಜನಕ್ಕೆ ಕತ್ತಿನ ಕೆಳಗೆ ಕೂದಲು ಅಡ್ಡಕ್ಕೋ ಮೇಲಕ್ಕೋ ಬೆಳೆಯುತ್ತೆ. ಅವರು ಮೇಲಿನಿಂದ ಕೆಳಗೆ ಎಳೆದು, ನಾನು ಸರಿಯಾದ ದಿಕ್ಕಲ್ಲೇ ಮಾಡ್ತೀನಲ್ಲ ಅಂತಾರೆ. ಮೊದಲು ಬೆಳೆಯುವ ದಿಕ್ಕಲ್ಲಿ ಒಂದು ಸುತ್ತು. ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ ಇನ್ನೊಂದು ಸುತ್ತು. ಅಲ್ಲಿಗೆ ಸಾಕು ಮಾಡಿ. ಗುಂಗುರು ಕೂದಲಿನವರು ವಿರುದ್ಧ ದಿಕ್ಕಲ್ಲಿ ಅತಿ ನುಣ್ಣಗೆ ತೆಗೆದರೆ ಕೂದಲು ಚರ್ಮದ ಒಳಗೇ ತಿರುಗಿ ಬೆಳೆದು ಗಂಟು ಕಟ್ಟುತ್ತೆ. ಕೀವು ತುಂಬಿದ ಗುಳ್ಳೆಯಾದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ, ರೇಜರು ಬದಲಿಸುತ್ತಾ ಕೂರಬೇಡಿ.

ಬೆಳಗಿನ ಬಸ್ಸು

ಅಣ್ಣಾ, ಇದನ್ನು ಪ್ರಿಂಟ್ ತೆಗೆದು ಕನ್ನಡಿ ಪಕ್ಕ ಅಂಟಿಸ್ತೀನಿ.

ಸಾಮಾನು ತಂದಾಯಿತು. ಮೂರು ತುಂಡಿನ ರೇಜರು, ಸಿಂಥೆಟಿಕ್ ಬ್ರಷ್ಷು, ಕ್ರೀಮು, ಬ್ಲೇಡು, ಪಟಿಕ ಎಲ್ಲ ಸೇರಿ 500 ಮುಟ್ಟಲಿಲ್ಲ. ಕೋನದ ಸದ್ದು ಸಿಕ್ಕಿತು. ತೊಂದರೆ ಇರೋದು ನೊರೆಯದ್ದು. ಎಷ್ಟು ತಿರುವಿದರೂ ದೊಡ್ಡ ಗುಳ್ಳೆ ಬರುತ್ತೆ, ಮುಖಕ್ಕೆ ಹಚ್ಚಿ ಅರ್ಧ ನಿಮಿಷಕ್ಕೆ ಒಣಗಿ ಹೋಗುತ್ತೆ. ಕ್ರೀಮು ಬದಲಿಸಬೇಕಾ? ಬೇರೆ ದುಬಾರಿದು ತಗೊಳ್ಳಲಾ?

ಕೆರೆ ಏರಿ

ಏನೂ ತಗೊಳ್ಳಬೇಡಿ. ಮೊದಲು ಹೇಳಿ, ನಿಮ್ಮ ಮನೆಗೆ ಬರೋದು ಕಾವೇರಿ ನೀರಾ, ಬೋರ್‌ವೆಲ್ಲಾ?

ಬೆಳಗಿನ ಬಸ್ಸು

ಬೋರ್‌ವೆಲ್. ಬೇಸಿಗೆಯಲ್ಲಿ ಟ್ಯಾಂಕರು. ಬಕೆಟ್ಟಿನ ಅಂಚಿಗೆ ಬಿಳಿ ಪದರ ಕಟ್ಟುತ್ತೆ.

ಕೆರೆ ಏರಿ

ಸಿಕ್ಕಿಬಿತ್ತು. ನಾನು ಕೆಮಿಸ್ಟ್ರಿ ಪಾಠ ಮಾಡುವವನು, ಊರು ಕೋಲಾರದ ಕಡೆ. ಗಡಸು ನೀರಿನ ಜೊತೆಯೇ ಬೆಳೆದವನು.

ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಸೋಪು ಅದರ ಜೊತೆ ಸೇರಿ ನೀರಲ್ಲಿ ಕರಗದ ಜಿಡ್ಡಾಗುತ್ತೆ. ಬಕೆಟ್ಟಿಗೆ, ನೆಲಕ್ಕೆ ಅಂಟುವ ಬೂದು ಜಿಡ್ಡು ಅದೇ. ನೊರೆ ಆಗಬೇಕಿದ್ದ ಸೋಪಿನ ಒಂದು ಪಾಲು ಹೀಗೇ ಹಾಳಾಗುತ್ತೆ. ಉಳಿದಿದ್ದು ಬಡಕಲು ನೊರೆ, ಅದಕ್ಕೆ ಬ್ಲೇಡನ್ನು ಜಾರಿಸೋ ಶಕ್ತಿ ಇಲ್ಲ. ಯಾವ ದೇಶದ ಸೋಪು ತಂದರೂ ಈ ನೀರಿಗೆ ಹಾಕಿದರೆ ಅದೇ ಕಥೆ.

ಪರೀಕ್ಷೆ ಮಾಡಿ ನೋಡಿ. ಎರಡು ಖಾಲಿ ಬಾಟಲಿ. ಒಂದಕ್ಕೆ ಬೋರ್‌ವೆಲ್ ನೀರು, ಇನ್ನೊಂದಕ್ಕೆ ಆರ್‌ಒ ಫಿಲ್ಟರಿನ ಕುಡಿಯುವ ನೀರು. ಎರಡಕ್ಕೂ ಅಷ್ಟಷ್ಟೇ ಸೋಪು ಹೆರೆದು ಹಾಕಿ ಕುಲುಕಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

ಇಡೀ ಶೇವಿಂಗಿಗೆ ಫಿಲ್ಟರ್ ನೀರು ಬೇಡ. ಬ್ರಷ್ಷು ನೆನೆಸೋಕೆ, ನೊರೆ ಮಾಡೋಕೆ ಅರ್ಧ ಲೋಟ ಸಾಕು. ಮುಖ, ರೇಜರು ತೊಳೆಯೋಕೆ ಬೋರ್ ನೀರೇ ಆಗಲಿ. ಆರ್‌ಒ ಮಷೀನಿನ ಪೈಪಲ್ಲಿ ಹೊರಗೆ ಹೋಗುತ್ತಲ್ಲ, ಆ ನೀರು ಮಾತ್ರ ಬೇಡ. ಅದು ಇನ್ನೂ ಗಡಸು. ಮಳೆ ನೀರು ಹಿಡಿಯುವವರಾದರೆ ಅದಕ್ಕಿಂತ ಒಳ್ಳೇದಿಲ್ಲ, ಮಳೆ ನೀರಲ್ಲಿ ಈ ಲವಣಗಳು ಇಲ್ಲವೇ ಇಲ್ಲ ಅನ್ನಬಹುದು.

ನೊರೆ ಮಾಡೋದು ಹೀಗೆ: ನೆನೆಸಿದ ಬ್ರಷ್ಷನ್ನು ಚೆನ್ನಾಗಿ ಕೊಡವಿ. ಚೂರು ಕ್ರೀಮನ್ನು ಲೋಟದಲ್ಲಿ ಹಾಕಿ ತಿರುವಿ. ಮೊದಲು ಅಂಟಂಟಾಗಿರುತ್ತೆ. ಈಗ ಬೆರಳಿನಿಂದ ನಾಲ್ಕೈದು ಹನಿ ನೀರು. ಮತ್ತೆ ತಿರುವಿ, ಮತ್ತೆ ಹನಿ. ಒಂದೇ ಸಲ ನೀರು ಸುರಿದರೆ ದೊಡ್ಡ ಗುಳ್ಳೆ ಬರುತ್ತೆ. ಸರಿಯಾದ ನೊರೆ ಗಟ್ಟಿ ಮೊಸರಿನ ಹಾಗಿರುತ್ತೆ, ಬೆಳಕಿಗೆ ಮಿನುಗುತ್ತೆ, ಕಣ್ಣಿಗೆ ಕಾಣುವ ಗುಳ್ಳೆ ಇರೋದಿಲ್ಲ. ಎರಡು ಬೆರಳ ನಡುವೆ ಉಜ್ಜಿದರೆ ಜಾರಬೇಕು.

ಹಾಗೇ ಇನ್ನೊಂದು. ಸ್ನಾನದ ಸೋಪಿನಲ್ಲೇ ಶೇವ್ ಮಾಡಬಹುದಾ ಅಂತ ಯಾರಾದರೂ ಕೇಳೇ ಕೇಳ್ತಾರೆ. ಮಾಡಬಹುದು, ಆದರೆ ನೊರೆ ನಿಲ್ಲಲ್ಲ. ಸ್ನಾನದ ಸೋಪು ಸೋಡಿಯಂನದ್ದು. ಶೇವಿಂಗ್ ಸೋಪಿನಲ್ಲಿ ಪೊಟ್ಯಾಸಿಯಂ ಇರುತ್ತೆ, ಸ್ಟಿಯರಿಕ್ ಆಮ್ಲ ಜಾಸ್ತಿ ಇರುತ್ತೆ. ಅದರಿಂದಲೇ ನೊರೆ ದಟ್ಟ ಆಗೋದು, ಹೊತ್ತು ನಿಲ್ಲೋದು. ಮೈಸೂರು ಸ್ಯಾಂಡಲ್ ನನಗೂ ಪ್ರೀತಿಯೇ, ಅದು ಸ್ನಾನಕ್ಕಿರಲಿ.

ದೀಪದ ಕಂಬ

ಗಂಡಸರ ಮಾತಿನ ನಡುವೆ ಬರ್ತಿದ್ದೀನಿ. ನಾನು ಕಾಲಿಗೆ ಸೇಫ್ಟಿ ರೇಜರ್ ಬಳಸೋದು. ಹೆಂಗಸರಿಗೆ ಅಂತ ಗುಲಾಬಿ ಬಣ್ಣ ಹಚ್ಚಿ ಜಾಸ್ತಿ ಬೆಲೆಗೆ ಮಾರುವ ರೇಜರು ಬಿಟ್ಟೆ, ಅದೇ ದೊಡ್ಡ ಉಳಿತಾಯ. ಕುರ್ಚಿ ನಂಬರ್ ಎರಡು ಅವರು ಹೇಳಿದ ಕೋನ, ಭಾರ ಎಲ್ಲ ಕಾಲಿಗೂ ಅಷ್ಟೇ. ಮಂಡಿ ಮತ್ತು ಹಿಮ್ಮಡಿಯ ಮೇಲಿನ ನರದ ಹತ್ತಿರ ಮಾತ್ರ ಅವಸರ ಬೇಡ. ಹಿಡಿ ಉದ್ದ ಇದ್ದರೆ ಅನುಕೂಲ, ಸೋಪು ಕೈಯಲ್ಲಿ ಜಾರಲ್ಲ.

ನಾನು ಹೇಳೋಕೆ ಬಂದಿದ್ದು ಬೇರೆ. ಇಷ್ಟು ಹೊತ್ತು ಬ್ಲೇಡು ಎಸೀರಿ, ಎಸೀರಿ ಅಂದ್ರಿ. ಎಲ್ಲಿಗೆ ಎಸೆಯೋದು ಅಂತ ಯಾರೂ ಹೇಳಲಿಲ್ಲ. ನಿಮ್ಮ ಕಸವನ್ನು ಬೆಳಿಗ್ಗೆ ಕೈಯಲ್ಲೇ ಬೇರೆ ಮಾಡುವ ಪೌರಕಾರ್ಮಿಕರು ಇದ್ದಾರೆ. ಕವರಿನ ಒಳಗೆ ಒಂದು ಬ್ಲೇಡು ಇದ್ದರೆ ಸಾಕು.

ತಗಡಿನ ಡಬ್ಬಿ, ಮುಚ್ಚಳ ಬಿಗಿ ಇರುವಂಥದ್ದು ತಗೊಳ್ಳಿ. ಮುಚ್ಚಳದಲ್ಲಿ ಬ್ಲೇಡು ತೂರುವಷ್ಟು ಸಣ್ಣ ಸೀಳು ಮಾಡಿ. ಬ್ಲೇಡಿನ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಅಷ್ಟೇ, ಸಣ್ಣ ಡಬ್ಬಿ ತುಂಬೋಕೇ ವರ್ಷಗಟ್ಟಲೆ ಬೇಕು. ತುಂಬಿದ ಮೇಲೆ ಸೀಳಿಗೆ ಟೇಪು ಸುತ್ತಿ, ಮೇಲೆ ದೊಡ್ಡದಾಗಿ ಬ್ಲೇಡು ಅಂತ ಬರೆದು, ಗಾಡಿಯವರ ಕೈಗೇ ಹೇಳಿ ಕೊಡಿ. ಅಮೆರಿಕದ ಹಳೇ ಮನೆಗಳಲ್ಲಿ ಬಾತ್‌ರೂಮಿನ ಕಪಾಟಿನ ಹಿಂದೆ ಒಂದು ಸೀಳು ಇರ್ತಿತ್ತು, ಬ್ಲೇಡು ಹಾಕಿದರೆ ಗೋಡೆಯ ಒಳಗೆ ಬೀಳ್ತಿತ್ತು. ಇವತ್ತು ಮನೆ ಒಡೆಯುವವರಿಗೆ ರಾಶಿ ರಾಶಿ ತುಕ್ಕು ಬ್ಲೇಡು ಸಿಗುತ್ತಂತೆ. ನಾವು ಅಂಥ ಕೆಲಸ ಮಾಡೋದು ಬೇಡ.

ಕುರ್ಚಿ ನಂಬರ್ ಎರಡು

ಒಳ್ಳೇ ಮಾತು ಅಕ್ಕ. ಜೊತೆಗೆ ಇದೂ ಇರಲಿ: ಅಣ್ಣನ ರೇಜರು ತಮ್ಮ, ಅಪ್ಪನದು ಮಗ ಬಳಸೋದು ಬೇಡ. ಹಿಡಿ ಹಂಚಿಕೊಂಡರೂ ಬ್ಲೇಡು ಹಂಚಿಕೊಳ್ಳಬಾರದು. ರಕ್ತದಿಂದ ಹರಡಿ ಲಿವರ್ ಕೆಡಿಸುವ ಹೆಪಟೈಟಿಸ್ ಬಿ ವೈರಸ್ಸು ಮೈಯಿಂದ ಹೊರಗೆ ಬಿದ್ದ ಮೇಲೂ ಕನಿಷ್ಠ 7 ದಿನ ಬದುಕಿರುತ್ತೆ. ಪಟಿಕದ ಕಲ್ಲೂ ಅಷ್ಟೇ, ಒಬ್ಬರಿಗೆ ಒಂದು. ಸಲೂನಿಗೆ ಹೋದಾಗ ಹೊಸ ಬ್ಲೇಡು ನಿಮ್ಮ ಕಣ್ಣೆದುರೇ ಬಿಚ್ಚಲಿ ಅಂತ ಕೇಳಿ. ನಮಗೆ ಬೇಜಾರಿಲ್ಲ.

ಬೆಳಗಿನ ಬಸ್ಸು

ಕೆರೆ ಏರಿ ಅವರಿಗೆ ದೊಡ್ಡ ನಮಸ್ಕಾರ. ಅರ್ಧ ಲೋಟ ಫಿಲ್ಟರ್ ನೀರು, ಅದೇ ಕ್ರೀಮು, ಅದೇ ಬ್ರಷ್ಷು. ನೊರೆ ಲೋಟ ತುಂಬಿ ಬಂತು. ಮನೆಯವಳು ಕ್ರೀಮು ಎಷ್ಟು ಖರ್ಚು ಮಾಡಿದ್ರಿ ಅಂತ ಟ್ಯೂಬು ನೋಡೋಕೆ ಬಂದಳು!

ನನ್ನ ಕತ್ತಿನ ಎಡಗಡೆ ಕೂದಲು ಕಿವಿ ಕಡೆಗೆ ಓರೆಯಾಗಿ ಬೆಳೆಯುತ್ತೆ ಅಂತ ಈಗ ಗೊತ್ತಾಯಿತು. ಆ ದಿಕ್ಕಲ್ಲೇ ತೆಗೀತೀನಿ, ಎರಡೇ ಸುತ್ತು. ಬಲಗಡೆ ಗುಳ್ಳೆ ಇಳಿದಿದೆ. ಎಡಗಡೆ ಇನ್ನೂ ಒಂದೆರಡು ಇವೆ. ಪಟಿಕ ಹಚ್ಚಿದಾಗ ಎಲ್ಲಿ ಜಾಸ್ತಿ ಉರಿಯುತ್ತೋ ಅಲ್ಲಿ ಒತ್ತಿದ್ದೀನಿ ಅಂತ ತಿಳಿಯುತ್ತೆ, ಅದು ಒಳ್ಳೆ ಪರೀಕ್ಷೆ.

ಬ್ಲೇಡು ಮಾತ್ರ ಮೂರನೇ ಶೇವಿಗೆ ಎಳೆಯೋಕೆ ಶುರು ಮಾಡಿತು. ಬೇರೆ ಯಾವುದು ನೋಡಲಿ?

ಗ್ರಂಧಿಗೆ ಅಂಗಡಿ

ಮೂರನೆಯದಕ್ಕೆ ಎಳೆದರೆ ಎಸೀರಿ, ಅದಕ್ಕೇ ಅಲ್ವಾ ಬಂದಿದ್ದು. ಒಬ್ಬರಿಗೆ ಆಗಿದ್ದು ಇನ್ನೊಬ್ಬರಿಗೆ ಆಗಲ್ಲ. ಟೋಪಾಜ್, 7 ಓ ಕ್ಲಾಕ್, ಸೂಪರ್‌ಮ್ಯಾಕ್ಸ್, ಲೇಸರ್, ಅಂಗಡಿಯಲ್ಲಿ ಏನು ಸಿಗುತ್ತೋ ಒಂದೊಂದು ಚಿಕ್ಕ ಪ್ಯಾಕು ತಂದು ನೋಡಿ. ಫೆದರ್ ತುಂಬಾ ಹರಿತ, ಕೈ ಪಳಗೋವರೆಗೆ ಬೇಡ. ಒಂದು ಸರಿ ಹೋದರೆ ಅಲ್ಲಿಗೇ ನಿಲ್ಲಿಸಿ. ಮೇಷ್ಟ್ರು ನೋಡ್ತಿದ್ದಾರೆ.

ಬ್ಲೇಡನ್ನು ಬಟ್ಟೆಯಲ್ಲಿ ಒರೆಸಬೇಡಿ. ಅಲಗಿನ ಮೇಲೆ ತೆಳು ಲೇಪ ಇರುತ್ತೆ, ಒರೆಸಿದರೆ ಕಿತ್ತು ಹೋಗುತ್ತೆ, ಬೆರಳೂ ಕೊಯ್ಯುತ್ತೆ. ತೊಳೆದು, ಕೊಡವಿ, ಗಾಳಿಗೆ ಇಡಿ.

ಲೆಕ್ಕದ ಮೇಷ್ಟ್ರು

ನೋಡ್ತಾನೇ ಇದ್ದೀನಿ. ನಾನು ಗಾರ್ಡ್ ಬಿಡಲ್ಲ, ಆದರೆ ಆ ಫಿಲ್ಟರ್ ನೀರು, ಬ್ರಷ್ಷು ಎರಡನ್ನೂ ಎತ್ತಿಕೊಂಡೆ. ನಮ್ಮದೂ ಬೋರ್‌ವೆಲ್ಲೇ.

ಬೆಳಗಿನ ಬಸ್ಸು

ಕೊನೇ ಪ್ರಶ್ನೆ. ಕೆಲಸದ ಮೇಲೆ ಹೈದರಾಬಾದಿಗೆ ವಿಮಾನದಲ್ಲಿ ಹೋಗಬೇಕು, ಬರೀ ಕೈಚೀಲ. ರೇಜರು ಒಯ್ಯಬಹುದಾ?

ಬರ್ಲಿನ್ ಬಸವ

ಬಿಡಿ ಬ್ಲೇಡು ಕ್ಯಾಬಿನ್ ಬ್ಯಾಗಿನಲ್ಲಿ ಬಿಡೋದಿಲ್ಲ. ಚೆಕ್ ಇನ್ ಮಾಡುವ ಚೀಲದಲ್ಲಾದರೆ ಸರಿ. ಬ್ಲೇಡು ಬಿಚ್ಚಿದ ಹಿಡಿಯನ್ನು ಸಾಮಾನ್ಯವಾಗಿ ಬಿಡ್ತಾರೆ, ಆದರೂ ಸೆಕ್ಯುರಿಟಿಯವರ ಮಾತೇ ಕೊನೆ. ಬ್ಲೇಡು ಮನೆಯಲ್ಲೇ ಬಿಟ್ಟು ಹೋಗಿ. ಅಲ್ಲಿ ಇಳಿದು ಯಾವುದಾದರೂ ಕಿರಾಣಿ ಅಂಗಡಿಯಲ್ಲಿ ಒಂದು ಪ್ಯಾಕು ತಗೊಂಡರಾಯಿತು, ಚಹಾದ ದುಡ್ಡಲ್ಲಿ ಆಗುತ್ತೆ.